ಪುಟ್ಟ ನಾಯಿಗೆ ಕೆಮ್ಮು: ಸದ್ದು ಆಲಿಸಿ, ಉಸಿರು ಎಣಿಸಿ

ಪಮೇರಿಯನ್, ಸ್ಪಿಟ್ಜ್, ಪಗ್, ಶಿಟ್ಜು, ಡ್ಯಾಶ್‌ಹಂಡ್‌ನಂಥ ಪುಟ್ಟ ನಾಯಿಗಳನ್ನು ಸಾಕಿದವರ ಮನೆಯಲ್ಲಿ ಒಂದಲ್ಲ ಒಂದು ದಿನ ಈ ಸದ್ದು ಕೇಳಿಸುತ್ತದೆ. ನಾಯಿ ಕತ್ತು ಚಾಚಿ ಕೆಮ್ಮುತ್ತದೆ, ಕೊನೆಗೆ ಓಕರಿಸಿ ಒಂದಿಷ್ಟು ಬಿಳಿ ನೊರೆ ಕಕ್ಕುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಎಂದು ಗಾಬರಿಬಿದ್ದು ಬಾಯೊಳಗೆ ಬೆರಳು ಹಾಕುವವರಿದ್ದಾರೆ. ಶೀತ ಇರಬೇಕು, ತಾನಾಗಿಯೇ ಹೋಗುತ್ತದೆ ಎಂದು ತಿಂಗಳುಗಟ್ಟಲೆ ಸುಮ್ಮನಿರುವವರೂ ಇದ್ದಾರೆ. ಇವೆರಡರಿಂದಲೂ ನಾಯಿಗೆ ತೊಂದರೆಯೇ.

ಕೆಮ್ಮು ಒಂದು ಲಕ್ಷಣ ಮಾತ್ರ. ಅದರ ಮೂಲ ಶ್ವಾಸನಾಳದಲ್ಲಿರಬಹುದು, ಶ್ವಾಸಕೋಶದಲ್ಲಿರಬಹುದು, ಹೃದಯದಲ್ಲೂ ಇರಬಹುದು. ಯಾವುದೆಂದು ಪತ್ತೆ ಮಾಡುವುದು ಪಶುವೈದ್ಯರ ಕೆಲಸ. ಆದರೆ ಆಸ್ಪತ್ರೆಯ ಮೇಜಿನ ಮೇಲೆ ನಿಲ್ಲಿಸಿದಾಗ ಎಷ್ಟೋ ನಾಯಿಗಳು ಕೆಮ್ಮುವುದೇ ಇಲ್ಲ. ಹಾಗಾಗಿ ಮನೆಯವರು ಕಂಡದ್ದು, ಕೇಳಿದ್ದು ವೈದ್ಯರಿಗೆ ಬಹಳ ಮುಖ್ಯ. ಏನನ್ನು ಗಮನಿಸಬೇಕು, ಯಾವಾಗ ಹೊರಡಬೇಕು ಎಂಬುದು ಇಲ್ಲಿದೆ.

1. ಅದು ಕೆಮ್ಮೇ ಹೌದೇ?

ನಾಯಿ ಇದ್ದಕ್ಕಿದ್ದಂತೆ ನಿಂತು, ಮೊಣಕೈ ಅಗಲಿಸಿ, ಕತ್ತು ನೀಡಿ, ಮೂಗಿನಿಂದ ಜೋರಾಗಿ ಗಾಳಿಯನ್ನು ಒಳಗೆಳೆದುಕೊಳ್ಳುತ್ತಾ ಗೊರಗೊರ ಸದ್ದು ಮಾಡಿದರೆ ಅದು ಸಾಮಾನ್ಯವಾಗಿ ‘ರಿವರ್ಸ್ ಸ್ನೀಜ್’, ಅಂದರೆ ಹಿಮ್ಮುಖ ಸೀನು. ನೋಡುವವರಿಗೆ ಭಯವಾದರೂ ಒಂದು ನಿಮಿಷದೊಳಗೆ ನಿಲ್ಲುತ್ತದೆ, ಮರುಕ್ಷಣವೇ ನಾಯಿ ಆಟಕ್ಕಿಳಿಯುತ್ತದೆ. ಗಂಟಲನ್ನು ಮೆಲ್ಲಗೆ ಸವರಿದರೆ ಸಾಕು. ಪದೇ ಪದೇ ಬರುತ್ತಿದ್ದರೆ ಮಾತ್ರ ವೈದ್ಯರಿಗೆ ತೋರಿಸಿ.

ಕೆಮ್ಮಿನಲ್ಲಿ ಗಾಳಿ ರಭಸದಿಂದ ಹೊರಗೆ ಬರುತ್ತದೆ. ವಾಂತಿಯಲ್ಲಿ ಹೊಟ್ಟೆ ಹಿಂಡಿದಂತಾಗಿ ತಿಂದದ್ದು ಬರುತ್ತದೆ. ವ್ಯತ್ಯಾಸ ತಿಳಿಯದಿದ್ದರೆ ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಅರ್ಧ ನಿಮಿಷದ ವಿಡಿಯೊ ಕೂಡ ವೈದ್ಯರಿಗೆ ಬಹಳಷ್ಟು ಹೇಳುತ್ತದೆ.

2. ಸದ್ದು ಮತ್ತು ಸಮಯ ಬರೆದಿಡಿ

ಬಾತುಕೋಳಿ ಕೂಗಿದಂಥ ಒಣ, ಕರ್ಕಶ ಕೆಮ್ಮು: ಖುಷಿಯಲ್ಲಿ ಕುಣಿದಾಗ, ನೀರು ಕುಡಿದಾಗ, ಕತ್ತಿನ ಪಟ್ಟಿ ಎಳೆದಾಗ ಇದು ಹೆಚ್ಚುತ್ತದೆ. ಪುಟ್ಟ ತಳಿಗಳಲ್ಲಿ ಇದಕ್ಕೆ ದೊಡ್ಡ ಕಾರಣ ಶ್ವಾಸನಾಳದ ಕುಸಿತ. ಶ್ವಾಸನಾಳವನ್ನು ತೆರೆದಿಡುವ ಮೃದ್ವಸ್ಥಿಯ ಉಂಗುರಗಳು ಬಲ ಕಳೆದುಕೊಂಡು ಚಪ್ಪಟೆಯಾಗುತ್ತವೆ. ಬೊಜ್ಜು, ಸೆಕೆ ಮತ್ತು ಹೊಗೆ ಇದನ್ನು ಉಲ್ಬಣಗೊಳಿಸುತ್ತವೆ.

ದಿಢೀರನೆ ಶುರುವಾದ ಜೋರು ಕೆಮ್ಮು: ಎರಡು ವಾರದೊಳಗೆ ನಾಯಿಯನ್ನು ಬೋರ್ಡಿಂಗ್‌ಗೆ, ಗ್ರೂಮಿಂಗ್‌ಗೆ ಅಥವಾ ಪಾರ್ಕಿಗೆ ಕರೆದೊಯ್ದಿದ್ದಿರಾ? ಹಾಗಿದ್ದರೆ ‘ಕೆನಲ್ ಕಾಫ್’ ಶಂಕಿಸಬೇಕು. ಬಾರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ ಮತ್ತು ಪ್ಯಾರಾಇನ್‌ಫ್ಲುಯೆಂಜಾದಂಥ ವೈರಸ್‌ಗಳು ಇದಕ್ಕೆ ಕಾರಣ. ಸೋಂಕು ತಗುಲಿದ 2ರಿಂದ 14 ದಿನಗಳೊಳಗೆ ಕೆಮ್ಮು ಕಾಣಿಸಿಕೊಳ್ಳುತ್ತದೆ. ಊಟ, ಆಟ ಮೊದಲಿನಂತೆ ಇದ್ದರೆ ಬಹುತೇಕ ಎರಡು ಮೂರು ವಾರಗಳಲ್ಲಿ ಇಳಿಯುತ್ತದೆ. ಅಲ್ಲಿಯವರೆಗೆ ಬೇರೆ ನಾಯಿಗಳಿಂದ ದೂರವಿಡಿ.

ವಯಸ್ಸಾದ ನಾಯಿಯ ಕೆಮ್ಮು: ರಾತ್ರಿ ಮಲಗಿದಾಗ ಅಥವಾ ಬೆಳಗಿನ ಜಾವ ಕೆಮ್ಮುತ್ತದೆ, ಮೆಟ್ಟಿಲು ಹತ್ತಿದರೆ ಸುಸ್ತಾಗುತ್ತದೆ ಎಂದಾದರೆ ಹೃದಯದ ತಪಾಸಣೆ ಮಾಡಿಸಲೇಬೇಕು. ಏಳೆಂಟು ವರ್ಷ ದಾಟಿದ ಪುಟ್ಟ ನಾಯಿಗಳಲ್ಲಿ ಹೃದಯದ ಮೈಟ್ರಲ್ ಕವಾಟ ದಪ್ಪಗಾಗಿ ರಕ್ತ ಹಿಂದಕ್ಕೆ ಸೋರುವ ಕಾಯಿಲೆ ಸಾಮಾನ್ಯ. ಇದರಿಂದ ಹೃದಯ ಹಿಗ್ಗಿ ಪಕ್ಕದ ಶ್ವಾಸನಾಳವನ್ನು ಒತ್ತುತ್ತದೆ. ಮುಂದಿನ ಹಂತದಲ್ಲಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ.

ಲಸಿಕೆ ಹಾಕಿಸದ ಮರಿಯ ಕೆಮ್ಮು: ಜೊತೆಗೆ ಕಣ್ಣಲ್ಲಿ ಪಿಸುರು, ಮೂಗಿನಲ್ಲಿ ಹಳದಿ ಸಿಂಬಳ, ಜ್ವರ, ಭೇದಿ ಇದ್ದರೆ ಡಿಸ್ಟೆಂಪರ್ ಎಂಬ ಸೋಂಕುರೋಗ ಇರಬಹುದು. ಒಂದು ದಿನವೂ ಕಾಯಬೇಡಿ.

3. ನಿದ್ದೆಯಲ್ಲಿ ಉಸಿರು ಎಣಿಸಿ

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಎಲ್ಲಕ್ಕಿಂತ ಉಪಯುಕ್ತವಾದದ್ದು ಇದು. ಶ್ವಾಸನಾಳದ ತೊಂದರೆ, ಹೃದಯದ ತೊಂದರೆ ಎರಡೂ ಒಂದೇ ಮುದಿ ನಾಯಿಯಲ್ಲಿ ಇರಬಹುದು. ಆಗ ಕೆಮ್ಮಿನ ಸದ್ದನ್ನಷ್ಟೇ ಕೇಳಿ ಅಪಾಯದ ಅಂದಾಜು ಸಿಗುವುದಿಲ್ಲ. ಶ್ವಾಸಕೋಶದಲ್ಲಿ ನೀರು ಸೇರತೊಡಗಿದರೆ ನಿದ್ದೆಯಲ್ಲೂ ಉಸಿರಾಟ ಚುರುಕಾಗುತ್ತದೆ.

ನಾಯಿ ಗಾಢವಾಗಿ ನಿದ್ರಿಸುತ್ತಿರುವಾಗ ಪಕ್ಕೆ ನೋಡಿ. ಒಮ್ಮೆ ಏರಿ ಇಳಿದರೆ ಒಂದು ಉಸಿರು. ಮುಟ್ಟಬೇಡಿ, ಕರೆಯಬೇಡಿ. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಕನಸಿನಲ್ಲಿ ಕಾಲು ಅದುರಿಸುತ್ತಿದ್ದರೆ, ಸೆಕೆಗೆ ಏದುತ್ತಿದ್ದರೆ ಆ ಲೆಕ್ಕ ಬಿಟ್ಟು ಮತ್ತೆ ಎಣಿಸಿ. ಆರೋಗ್ಯವಂತ ನಾಯಿಯಲ್ಲಿ ಇದು ನಿಮಿಷಕ್ಕೆ 30ಕ್ಕಿಂತ ಕಡಿಮೆ ಇರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಿದಾಗಲೂ 30 ದಾಟಿದ್ದರೆ ಅಂದೇ ವೈದ್ಯರಿಗೆ ಫೋನ್ ಮಾಡಿ.

4. ವಸಡಿನ ಬಣ್ಣ ನೋಡಿ

ಮೇಲ್ದುಟಿಯನ್ನು ಬೆರಳಿನಿಂದ ಮೇಲಕ್ಕೆತ್ತಿ ಹಲ್ಲಿನ ಮೇಲಿನ ವಸಡು ನೋಡಿ. ತಿಳಿಗುಲಾಬಿ ಇದ್ದರೆ ಸರಿ. ನೀಲಿ, ಬೂದು ಅಥವಾ ಬಿಳಿಚಿಕೊಂಡಿದ್ದರೆ ತುರ್ತು ಸ್ಥಿತಿ. ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪಾಗಿರುತ್ತದೆ. ಅಂಥವುಗಳ ನಾಲಿಗೆ ನೋಡಿ.

5. ಯಾವಾಗ ಹೊರಡಬೇಕು?

ತಕ್ಷಣ, ರಾತ್ರಿಯಾದರೂ:
- ವಸಡು, ನಾಲಿಗೆ ನೀಲಿ ಅಥವಾ ಬಿಳಿಚಿದ್ದರೆ
- ಸುಮ್ಮನೆ ಕುಳಿತಾಗಲೂ ಹೊಟ್ಟೆ ಹಿಂಡಿ ಉಸಿರಾಡುತ್ತಿದ್ದರೆ, ಮಲಗಲಾಗದೆ ಮೊಣಕೈ ಅಗಲಿಸಿ ನಿಂತೇ ಇದ್ದರೆ
- ಕೆಮ್ಮಿ ಕುಸಿದುಬಿದ್ದರೆ, ಎಚ್ಚರ ತಪ್ಪಿದರೆ
- ರಕ್ತ ಅಥವಾ ಗುಲಾಬಿ ಬಣ್ಣದ ನೊರೆ ಬಂದರೆ
- ಮೂಳೆ, ಆಟಿಕೆಯ ಚೂರು ನುಂಗಿದ ಅನುಮಾನವಿದ್ದರೆ

ಅದೇ ದಿನ: ನಿದ್ದೆಯ ಉಸಿರು 30 ದಾಟಿದ್ದರೆ, ಊಟ ಬಿಟ್ಟಿದ್ದರೆ, ಮಂಕಾಗಿದ್ದರೆ, ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ದರೆ, ಕೆಮ್ಮುತ್ತಿರುವುದು ಮರಿ ಅಥವಾ ಹೃದ್ರೋಗಿ ನಾಯಿಯಾಗಿದ್ದರೆ. ನಾಯಿಯ ಸಹಜ ಮೈಬಿಸಿಯೇ 101ರಿಂದ 102.5 ಡಿಗ್ರಿ ಇರುತ್ತದೆ, ನಮ್ಮ ಅಳತೆಯಿಂದ ಗಾಬರಿಯಾಗಬೇಡಿ.

ಎರಡು ಮೂರು ದಿನಗಳಲ್ಲಿ: ನಾಯಿ ಲವಲವಿಕೆಯಿಂದಿದ್ದರೂ ಕೆಮ್ಮು ನಿಲ್ಲದಿದ್ದರೆ.

ಉಸಿರಿಗೆ ಕಷ್ಟಪಡುವ ನಾಯಿಯನ್ನು ಅಂಗಾತ ಮಲಗಿಸಬೇಡಿ, ಬಾಯಿ ಕಟ್ಟಬೇಡಿ, ನೀರು ಕುಡಿಸಲು ಹೋಗಬೇಡಿ. ಗಾಳಿಯಾಡುವ, ತಂಪಾದ ವಾಹನದಲ್ಲಿ ಸಮಾಧಾನದಿಂದ ಕರೆದೊಯ್ಯಿರಿ. ಹೊರಡುವ ಮೊದಲು ಫೋನ್ ಮಾಡಿದರೆ ಆಸ್ಪತ್ರೆಯವರು ಆಮ್ಲಜನಕ ಸಿದ್ಧವಿಟ್ಟುಕೊಳ್ಳುತ್ತಾರೆ.

6. ವೈದ್ಯರ ಬಳಿ

ವಿಡಿಯೊ, ಉಸಿರಿನ ಲೆಕ್ಕ, ಲಸಿಕೆ ಪುಸ್ತಕ, ಈಗ ಕೊಡುತ್ತಿರುವ ಔಷಧಗಳು ಜೊತೆಗಿರಲಿ. ಸ್ಟೆತಸ್ಕೋಪ್‌ನಲ್ಲಿ ಅಸಹಜ ಸದ್ದು ಕೇಳಿದರೆ ಎದೆಯ ಎಕ್ಸ್‌ರೇ, ಎಕೊ ಸ್ಕ್ಯಾನ್ ಹೇಳಬಹುದು. ನಿಮ್ಮ ಊರಿನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಿ.

‘ವಯಸ್ಸಾಗಿದೆ, ಇನ್ನೇನು ಮಾಡಿಸುವುದು’ ಎಂದು ದಯವಿಟ್ಟು ಕೈಚೆಲ್ಲಬೇಡಿ. ಕವಾಟದ ಕಾಯಿಲೆಯಿಂದ ಹೃದಯ ಹಿಗ್ಗಿದ್ದರೂ ಲಕ್ಷಣ ಕಾಣಿಸದ ನಾಯಿಗಳಿಗೆ ಪಿಮೊಬೆಂಡಾನ್ ಔಷಧ ಕೊಟ್ಟಾಗ ಹೃದಯ ವೈಫಲ್ಯ ಸುಮಾರು 15 ತಿಂಗಳು ಮುಂದಕ್ಕೆ ಹೋಯಿತು ಎಂದು 2016ರಲ್ಲಿ ಪ್ರಕಟವಾದ ‘ಎಪಿಕ್’ ಅಧ್ಯಯನ ತೋರಿಸಿದೆ. ನಾಯಿಯ ಆಯಸ್ಸಿನಲ್ಲಿ ಅದು ದೊಡ್ಡ ಕಾಲಾವಕಾಶ.

7. ಮನೆಯ ಆರೈಕೆ

ನಮ್ಮ ಕೆಮ್ಮಿನ ಸಿರಪ್, ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ. ಪುಟ್ಟ ನಾಯಿಯ ತೂಕಕ್ಕೆ ಅವು ವಿಷವಾಗಬಹುದು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಮನೆಮದ್ದು ರಕ್ತಕಣಗಳನ್ನು ಹಾಳುಮಾಡುತ್ತದೆ. ಕರ್ಪೂರವಿರುವ ಮುಲಾಮು ಹಚ್ಚಿದರೆ ನಾಯಿ ಅದನ್ನು ನೆಕ್ಕುತ್ತದೆ, ಅದೂ ಅಪಾಯ. ಕಷಾಯವನ್ನು ಬಲವಂತವಾಗಿ ಬಾಯಿಗೆ ಹೊಯ್ದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಕಳೆದ ಬಾರಿ ಉಳಿದ ಆ್ಯಂಟಿಬಯೋಟಿಕ್ ಕೂಡ ಬೇಡ.

ಕತ್ತಿನ ಪಟ್ಟಿ ತೆಗೆದು ಎದೆಗೆ ಹಾಕುವ ಹಾರ್ನೆಸ್ ತನ್ನಿ. ಊದುಬತ್ತಿ, ಸಾಂಬ್ರಾಣಿ, ಸೊಳ್ಳೆಬತ್ತಿ, ಸಿಗರೇಟಿನ ಹೊಗೆ ಮತ್ತು ಮೆಣಸಿನಕಾಯಿ ಒಗ್ಗರಣೆಯ ಘಾಟಿನಿಂದ ದೂರವಿಡಿ. ಬೇಸಿಗೆಯಲ್ಲಿ ವಾಕಿಂಗ್ ಬೆಳಿಗ್ಗೆ, ಸಂಜೆ ಮಾತ್ರ. ಪಕ್ಕೆಯ ಮೇಲೆ ಅಂಗೈ ಆಡಿಸಿದರೆ ಎಲುಬು ಕೈಗೆ ಸಿಗಬೇಕು, ಸಿಗದಿದ್ದರೆ ತೂಕ ಇಳಿಸಬೇಕು. ಬಿಸ್ಕತ್ತು, ಬನ್ನು ನಿಲ್ಲಿಸುವುದರಿಂದ ಶುರುಮಾಡಿ. ಶ್ವಾಸನಾಳದ ತೊಂದರೆಯಿರುವ ಎಷ್ಟೋ ನಾಯಿಗಳು ತೂಕ ಇಳಿದ ಮೇಲೆ ಕಡಿಮೆ ಕೆಮ್ಮುತ್ತವೆ.

ವರ್ಷದ ‘ಸೆವೆನ್ ಇನ್ ಒನ್’ ಚುಚ್ಚುಮದ್ದು ಡಿಸ್ಟೆಂಪರ್‌ನಿಂದ ಕಾಪಾಡುತ್ತದೆ, ಆದರೆ ಬಾರ್ಡೆಟೆಲ್ಲಾ ಅದರಲ್ಲಿ ಸೇರಿಲ್ಲ. ಬೋರ್ಡಿಂಗ್‌ನಲ್ಲಿ ಬಿಡುವವರು ಕೆನಲ್ ಕಾಫ್ ಲಸಿಕೆಯನ್ನು ಪ್ರತ್ಯೇಕವಾಗಿ ಕೇಳಿ ಹಾಕಿಸಿ.

ನಿಮ್ಮ ನಾಯಿ ಇಂದು ಆರೋಗ್ಯವಾಗಿದ್ದರೂ ಈ ವಾರ ಎರಡು ಮೂರು ರಾತ್ರಿ ಅದರ ಉಸಿರು ಎಣಿಸಿ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಅದರ ಸಹಜ ಲೆಕ್ಕ 18 ಎಂದು ತಿಳಿದಿದ್ದರೆ, ಮುಂದೊಂದು ದಿನ 28 ಆದಾಗಲೇ ನೀವು ಎಚ್ಚೆತ್ತುಕೊಳ್ಳುತ್ತೀರಿ. ತನ್ನ ನೋವನ್ನು ಹೇಳಿಕೊಳ್ಳಲಾಗದ ಜೀವಕ್ಕೆ ಆ ಎಚ್ಚರವೇ ಮೊದಲ ಚಿಕಿತ್ಸೆ.