ಸರ್ವರ್ ಯಂತ್ರವನ್ನು ಸಜ್ಜುಗೊಳಿಸುವ ಕ್ರಮ

ಇಳಕಲ್ಲಿನ ಸೀರೆಯನ್ನು ಉಡುವವರೆಲ್ಲರೂ ಅದರ ಸೆರಗನ್ನು ಬಲ್ಲರು. ಆದರೆ ಆ ಸೆರಗು ಒಡಲಿಗೆ ಹೇಗೆ ಸೇರಿತೆಂಬುದನ್ನು ವಿಚಾರಿಸಿದವರು ಕೆಲವರೇ. ಒಡಲಿನ ಹಾಸನ್ನೂ ಸೆರಗಿನ ರೇಷ್ಮೆಯ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆಯನ್ನು ಕೊಂಡಿಯಾಗಿ ಸಿಕ್ಕಿಸಿ ಒಂದುಗೂಡಿಸುವರು. ಕೊಂಡಿ ತಪ್ಪಿದರೆ ಮಗ್ಗವು ಎಷ್ಟು ಚೆನ್ನಾಗಿದ್ದರೂ ಸೀರೆಯಾಗದು. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಈ ಪಾಠವು ಸುಲಭವಾಗುವುದು.

ಒಂದು ಕಚೇರಿಯ ಅನೇಕ ಗಣಕಯಂತ್ರಗಳಿಗೆ ಬೇಕಾದ ದಾಖಲೆಗಳನ್ನು ತನ್ನಲ್ಲಿಟ್ಟುಕೊಂಡು, ಕೇಳಿದಾಗ ಒದಗಿಸುವ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಅದರ ಬಿಡಿಭಾಗಗಳಿಗೆಲ್ಲ ಕೆಲಸ ಹಂಚಿ ಮೇಲ್ವಿಚಾರಣೆ ನಡೆಸುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಮ್. ವಿಂಡೋಸ್, ಲಿನಕ್ಸ್ ಮುಂತಾದವು ಈ ಜಾತಿಯವು. ಆದರೆ ಬಿಡಿಭಾಗಗಳನ್ನು ತಯಾರಿಸುವ ಕಂಪನಿಗಳು ಹಲವು; ಒಂದೊಂದರ ಸಂಕೇತಗಳೂ ಬೇರೆ. ಮೇಲ್ವಿಚಾರಕನ ಆಜ್ಞೆಯನ್ನು ಆಯಾ ಭಾಗದ ಸಂಕೇತಕ್ಕೆ ತಿರುಗಿಸಿ ಹೇಳುವ ಸಣ್ಣ ತಂತ್ರಾಂಶಕ್ಕೆ ಡ್ರೈವರ್ ಎನ್ನುವರು. ಮೇಲೆ ಹೇಳಿದ ಕೊಂಡಿಯ ಕೆಲಸವೇ ಇದರದು.

ಇದು ನಮಗೆ ದೂರದ ವಿಷಯವಲ್ಲ. 2000ದ ಸುಮಾರಿಗೆ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯಿಂದ ತಾಲೂಕು ಕಚೇರಿಗಳಿಗೆ ಗಣಕಯಂತ್ರಗಳು ಬಂದವು. ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಉತಾರಗಳು ತಲಾಠಿಗಳ ಕೈಬರಹದ ಪುಸ್ತಕಗಳಿಂದ ಯಂತ್ರಕ್ಕೆ ಏರಿದವು. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳೂ ಇದರಲ್ಲಿ ಸೇರಿದ್ದವು. ಇಳಕಲ್ ಆಗ ಹುನಗುಂದ ತಾಲೂಕಿನಲ್ಲಿತ್ತು. ಯಂತ್ರದ ಉತಾರವು ಜಾರಿಗೆ ಬಂದ ಮೇಲೆ ಕೈಬರಹದ ಉತಾರಕ್ಕೆ ಮಾನ್ಯತೆ ಉಳಿಯಲಿಲ್ಲ. ಆದುದರಿಂದ ಸಾಲ ಕೇಳುವ ರೈತನೂ, ಗಂಡನ ಹೊಲಕ್ಕೆ ತನ್ನ ಹೆಸರು ಏರಬೇಕೆನ್ನುವ ವಿಧವೆಯೂ, ಆಲಮಟ್ಟಿಯ ಹಿನ್ನೀರಿಗೆ ಭೂಮಿ ಕಳೆದುಕೊಂಡ ಕುಟುಂಬವೂ ಈ ಯಂತ್ರವನ್ನೇ ನಂಬಬೇಕಾಯಿತು. ನೌಕರನ ಬೆರಳಗುರುತನ್ನು ಓದುವ ಉಪಕರಣಕ್ಕೂ ಉತಾರ ಮುದ್ರಿಸುವ ಪ್ರಿಂಟರಿಗೂ ತಕ್ಕ ಡ್ರೈವರ್ ಇಲ್ಲದಿದ್ದರೆ, ದಾಖಲೆಯು ಒಳಗೆ ಕ್ಷೇಮವಾಗಿದ್ದರೂ ಕೈಗೆ ಬಾರದು.

ಇನ್ನು ಸ್ಥಾಪನೆಯ ಕ್ರಮವನ್ನು ನೋಡೋಣ.

ಮೊದಲನೆಯದು ನಕಲು. ಯಂತ್ರದಲ್ಲಿ ಹಳೆಯ ದಾಖಲೆಗಳಿದ್ದರೆ ಅವನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಬಿಡಿಸಿ ಇಡಬೇಕು. ನಕಲು ಸರಿಯಾಗಿ ತೆರೆಯುವುದೋ ಇಲ್ಲವೋ ಎಂದು ಇನ್ನೊಂದು ಯಂತ್ರದಲ್ಲಿ ಪರೀಕ್ಷಿಸದೆ ಮುಂದುವರಿಯತಕ್ಕದ್ದಲ್ಲ.

ಎರಡನೆಯದು ಡ್ರೈವರುಗಳ ಸಂಗ್ರಹ. ಯಂತ್ರದ ಮಾದರಿಗೂ ಆಪರೇಟಿಂಗ್ ಸಿಸ್ಟಮಿನ ಆವೃತ್ತಿಗೂ ಒಪ್ಪುವ ಡ್ರೈವರುಗಳನ್ನು ತಯಾರಕರಿಂದಲೇ ಪಡೆಯಬೇಕು. 32 ಬಿಟ್ಟಿನ ಡ್ರೈವರ್ 64 ಬಿಟ್ಟಿನ ವಿಂಡೋಸಿನಲ್ಲಿ ನಡೆಯದು. ಇಂಟರ್ನೆಟ್ ಜೋಡಿಸುವ ಕಾರ್ಡಿನ ಡ್ರೈವರನ್ನಂತೂ ಮುಂಚಿತವಾಗಿಯೇ ಪೆನ್ ಡ್ರೈವಿನಲ್ಲಿ ಇಟ್ಟುಕೊಳ್ಳಬೇಕು. ಅದಿಲ್ಲದೆ ಇಂಟರ್ನೆಟ್ ದೊರೆಯದು, ಇಂಟರ್ನೆಟ್ ಇಲ್ಲದೆ ಅದನ್ನು ತರಿಸಿಕೊಳ್ಳುವಂತಿಲ್ಲ.

ಮೂರನೆಯದು ಡಿಸ್ಕು. ಸರ್ವರಿನಲ್ಲಿ ಸಾಮಾನ್ಯವಾಗಿ ಎರಡು ಡಿಸ್ಕುಗಳನ್ನಾದರೂ ಜೋಡಿಸಿ, ಒಂದರಲ್ಲಿ ಬರೆದುದು ಇನ್ನೊಂದರಲ್ಲಿಯೂ ಬರೆಯಲ್ಪಡುವಂತೆ ಏರ್ಪಡಿಸುವರು. ಒಂದು ಕೆಟ್ಟರೆ ಇನ್ನೊಂದು ಕೆಲಸ ನಡೆಸುವುದು. ಈ ಜೋಡಣೆಯನ್ನು ಆಳುವ ಕಾರ್ಡಿನ ಡ್ರೈವರ್ ಇಲ್ಲದಿದ್ದರೆ ಸ್ಥಾಪನೆಯ ಪರದೆಯಲ್ಲಿ ಡಿಸ್ಕೇ ಕಾಣಿಸದು. ಹೊಸಬರು ಡಿಸ್ಕು ಕೆಟ್ಟಿತೆಂದು ಗಾಬರಿಯಾಗುವುದುಂಟು. ವಿಂಡೋಸಿನಲ್ಲಿ ಆಗಲೇ ಡ್ರೈವರನ್ನು ಕೊಡುವ ಅವಕಾಶವಿದೆ. ಹಿಂದೆ ಫ್ಲಾಪಿಯಿಂದ ಕೊಡುತ್ತಿದ್ದರು, ಈಗ ಪೆನ್ ಡ್ರೈವಿನಿಂದ. ಲಿನಕ್ಸಿನಲ್ಲಿ ಬಹುತೇಕ ಡ್ರೈವರುಗಳು ಅದರ ಜೊತೆಗೇ ಬರುವುವು. ಡಿಸ್ಕನ್ನು ಆರಿಸುವಾಗ ಅದರ ಅಳತೆಯನ್ನು ಎರಡು ಸಲ ಓದಬೇಕು. ಜೋಡಿ ಡಿಸ್ಕುಗಳಿವೆಯೆಂದು ನಕಲನ್ನು ಅಲಕ್ಷಿಸಬಾರದು. ಒಂದರಲ್ಲಿ ಅಳಿಸಿದುದು ಇನ್ನೊಂದರಲ್ಲಿಯೂ ಅಳಿಯುವುದು.

ನಾಲ್ಕನೆಯದು ಪರೀಕ್ಷೆ. ಆಪರೇಟಿಂಗ್ ಸಿಸ್ಟಮ್ ನೆಲೆಗೊಂಡ ಮೇಲೆ ಉಳಿದ ಡ್ರೈವರುಗಳನ್ನು ಒಂದೊಂದಾಗಿ ಹಾಕಿ, ಪ್ರತಿಸಲವೂ ಯಂತ್ರವು ಸರಿಯಾಗಿ ನಡೆಯುವುದನ್ನು ನೋಡಬೇಕು. ಹತ್ತನ್ನು ಒಮ್ಮೆಗೇ ಹಾಕಿದರೆ ದೋಷವು ಯಾವುದರದೆಂದು ತಿಳಿಯದು. ಎಲ್ಲವೂ ಸರಿಯಾದ ಬಳಿಕವೇ ದಾಖಲೆಗಳನ್ನು ಮರಳಿ ತುಂಬಿ, ಕೆಲವನ್ನು ನಕಲಿನೊಡನೆ ಹೋಲಿಸತಕ್ಕದ್ದು.

ಪ್ರಿಯ ಸೋದರಿಯರೇ, ನಿಮ್ಮಲ್ಲಿ ಅನೇಕರು ಇಂದು ಶಾಲೆ, ಬ್ಯಾಂಕು, ಆಸ್ಪತ್ರೆಗಳಲ್ಲಿ ಇಂಥ ಯಂತ್ರಗಳ ಬಳಿಯಲ್ಲಿಯೇ ಕೆಲಸ ಮಾಡುತ್ತಿರುವಿರಿ. ಪಾಲಕರೇ, ನಿಮ್ಮ ಹೆಣ್ಣುಮಕ್ಕಳು ಈ ವಿದ್ಯೆಗೆ ಹಿಂಜರಿಯಬೇಕಾದ ಕಾರಣವಿಲ್ಲ. ಇದಕ್ಕೆ ಬೇಕಾದುದು ಅಸಾಧಾರಣ ಬುದ್ಧಿಯಲ್ಲ. ತಾಳ್ಮೆಯೂ ಕ್ರಮವೂ ಬರೆದಿಡುವ ಅಭ್ಯಾಸವೂ ಸಾಕು. ಹೊಸ ಯಂತ್ರವು ಬಂದ ದಿನ ಎಲ್ಲರೂ ಅದರ ವೇಗವನ್ನು ಕೇಳುವರು. ನೀವು ಮಾತ್ರ ‘ಹಳೆಯ ದಾಖಲೆಗಳ ನಕಲು ಎಲ್ಲಿದೆ?’ ಎಂದು ಮೊದಲು ಕೇಳಿರಿ.