ಹೆಸರು ಹಿಡಿದು ಕರೆಯುವವರೆಲ್ಲ ಕುರುಬರಲ್ಲ

ಯೌವನಸ್ಥರ ಕೂಟದ ಸಂದೇಶ
ಮುಖ್ಯ ವಾಕ್ಯಭಾಗ: ಯೋಹಾನ 10:1-5

ಬೈಬಲ್ ತಂದಿರೋರು ಬೈಬಲ್ ತೆಗೀರಿ, ಮೊಬೈಲ್‌ನಲ್ಲಿ ನೋಡೋರು ನೋಟಿಫಿಕೇಶನ್ ಆಫ್ ಮಾಡಿ ನೋಡಿ. ಯೋಹಾನ ಹತ್ತನೇ ಅಧ್ಯಾಯ. ಕುರುಬನು ತನ್ನ ಸ್ವಂತ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ ಅಂತ ಅಲ್ಲಿ ಯೇಸು ಹೇಳುತ್ತಾನೆ. ಈ ವಾಕ್ಯ ನಮಗೆಲ್ಲ ಇಷ್ಟ. ಆದರೆ ಇದೇ ಭಾಗದಲ್ಲಿ ಕಳ್ಳನೂ ಇದ್ದಾನೆ, ಪರಿಚಯವಿಲ್ಲದ ಅನ್ಯನೂ ಇದ್ದಾನೆ. ಇವತ್ತು ನಾನು ಕೇಳುವ ಪ್ರಶ್ನೆ ಇದು: ಕಳ್ಳನಿಗೂ ನಿಮ್ಮ ಹೆಸರು ಗೊತ್ತಾದರೆ ಏನು ಮಾಡುತ್ತೀರಿ?

ಒಂದು ಫೋನ್ ಕಾಲ್ ಕಲ್ಪಿಸಿಕೊಳ್ಳಿ. ನಿಮ್ಮ ಹೆಸರು ಕಿರಣ್ ಅಂತ ಇಟ್ಟುಕೊಳ್ಳಿ. "ಕಿರಣ್, ಹೇಗಿದ್ದೀರಾ? ಕಿರಣ್, ನಿಮಗೋಸ್ಕರಾನೇ ಒಂದು ಲೋನ್ ಅಪ್ರೂವ್ ಆಗಿದೆ. ನೋಡಿ ಕಿರಣ್, ಇದು ಇವತ್ತು ಸಂಜೆವರೆಗೆ ಮಾತ್ರ. ಒಂದು ಓಟಿಪಿ ಬರುತ್ತೆ ಕಿರಣ್, ಅದನ್ನು ಹೇಳಿಬಿಡಿ." ಅರ್ಧ ನಿಮಿಷದಲ್ಲಿ ನಾಲ್ಕು ಸಲ ಕಿರಣ್! ನಿಮ್ಮ ಅಮ್ಮ ಇಡೀ ದಿನದಲ್ಲಿ ಅಷ್ಟು ಸಲ ಕರೆಯಲ್ಲ. ಊಟಕ್ಕೆ ಒಂದು ಸಲ ಕರೀತಾರೆ, ಬರದಿದ್ದರೆ ಪೂರ್ತಿ ಹೆಸರು ಹಿಡಿದು ಕರೀತಾರೆ, ಅಷ್ಟೇ. ನಿಮ್ಮ ಸ್ನೇಹಿತರು ಹೆಸರು ಹೇಳೋದೇ ಅಪರೂಪ. ಮಗಾ, ಮಚ್ಚಾ, ಗುರು, ಲೇ, ಇಷ್ಟರಲ್ಲೇ ದಿನ ಮುಗಿಯುತ್ತೆ. ನಿಜವಾಗಿ ಹತ್ತಿರದವರು ಪ್ರತಿ ಮಾತಿಗೂ ಹೆಸರು ಸೇರಿಸಲ್ಲ, ಸೇರಿಸುವ ಅಗತ್ಯ ಅವರಿಗಿಲ್ಲ.

1. ಹೆಸರಿಗೆ ಯಾಕೆ ಇಷ್ಟು ಶಕ್ತಿ?

ದೇವರು ನಮ್ಮನ್ನು ಹಾಗೆ ಉಂಟುಮಾಡಿದ್ದಾನೆ. 1959ರಲ್ಲಿ ನೆವಿಲ್ ಮೋರೆ ಎಂಬ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಮಾಡಿದರು. ಹೆಡ್‌ಫೋನ್ ಹಾಕಿಕೊಂಡವರ ಎರಡು ಕಿವಿಗೂ ಬೇರೆ ಬೇರೆ ಮಾತು ಕೇಳಿಸಿ, ಒಂದು ಕಿವಿಯದ್ದಕ್ಕೆ ಮಾತ್ರ ಗಮನ ಕೊಡಿ ಅಂದರು. ಇನ್ನೊಂದು ಕಿವಿಯಲ್ಲಿ ಏನು ಹೇಳಿದರು ಅಂತ ಅವರಿಗೆ ನೆನಪಿರಲಿಲ್ಲ. ಆದರೆ ಆ ಕಡೆಯಿಂದ ತಮ್ಮ ಹೆಸರು ಬಂದಾಗ ಸುಮಾರು ಮೂರರಲ್ಲಿ ಒಬ್ಬರು ಅದನ್ನು ಗುರುತಿಸಿದರು. ಗದ್ದಲದ ಮದುವೆ ಹಾಲ್‌ನಲ್ಲಿ ಯಾರೋ ನಿಮ್ಮ ಹೆಸರು ಹೇಳಿದರೆ ತಟ್ಟನೆ ತಿರುಗುತ್ತೀರಿ ಅಲ್ವಾ? ಅದೇ ಇದು.

ಇದನ್ನು ವ್ಯಾಪಾರದವರು ಬೇಗ ಕಂಡುಕೊಂಡರು. 1936ರಲ್ಲಿ ಅಮೆರಿಕದ ಡೇಲ್ ಕಾರ್ನೆಗಿ ಬರೆದ ಪ್ರಸಿದ್ಧ ಪುಸ್ತಕದಲ್ಲಿ ಜನರ ಹೆಸರು ನೆನಪಿಟ್ಟುಕೊಳ್ಳುವುದಕ್ಕೇ ಒಂದು ಅಧ್ಯಾಯ ಇದೆ. ಜನರ ಬಗ್ಗೆ ನಿಜವಾದ ಆಸಕ್ತಿ ಇರಲಿ ಅಂತಲೂ ಅದೇ ಪುಸ್ತಕ ಹೇಳುತ್ತದೆ. ಆದರೆ ಆಸಕ್ತಿ ಕಲಿಯುವುದು ಕಷ್ಟ, ಹೆಸರು ಉಪಯೋಗಿಸುವುದು ಸುಲಭ. ಸುಲಭವಾದದ್ದು ಸೇಲ್ಸ್ ಸ್ಕ್ರಿಪ್ಟ್‌ಗೆ ಬಂತು. 1995ರಲ್ಲಿ ಅಮೆರಿಕದ ಮೂವರು ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದರು. ಪ್ರೊಫೆಸರ್ ತಮ್ಮ ಹೆಸರು ನೆನಪಿಟ್ಟಿದ್ದಾರೆ ಅಂತ ಕಂಡ ವಿದ್ಯಾರ್ಥಿಗಳು, ಅವರು ಮಾರುತ್ತಿದ್ದ ಬಿಸ್ಕತ್ತನ್ನು ಕೊಂಡುಕೊಳ್ಳುವುದು ಹೆಚ್ಚು. ಯಾಕೆ? ತಮ್ಮ ಹೆಸರು ನೆನಪಿಟ್ಟದ್ದನ್ನು ಅವರು ಒಂದು ಮೆಚ್ಚುಗೆಯಾಗಿ ತೆಗೆದುಕೊಂಡರು. ಯಾರಿಗೋ ನಾನು ಮುಖ್ಯ ಅನ್ನಿಸಿದರೆ ಮನಸ್ಸು ಮೆತ್ತಗಾಗುತ್ತೆ.

ಪ್ರಿಯರೇ, ಊರು ಬಿಟ್ಟು ಬಂದು ಪೀಜಿಯಲ್ಲಿ ಇರೋರು, ಆಫೀಸ್‌ನಲ್ಲಿ ಎಂಪ್ಲಾಯಿ ನಂಬರ್ ಆಗಿರೋರು, ಇದು ನಿಮ್ಮ ಮೇಲೆ ಇನ್ನೂ ಜಾಸ್ತಿ ಕೆಲಸ ಮಾಡುತ್ತೆ. ಒಂಟಿತನ ಇರುವ ಕಡೆ ಹೆಸರು ಬಲೆ ಆಗುತ್ತೆ.

2. ಅಬ್ಷಾಲೋಮನ ವಿಧಾನ

2 ಸಮುವೇಲ 15ನೇ ಅಧ್ಯಾಯಕ್ಕೆ ಬನ್ನಿ. ಅಬ್ಷಾಲೋಮ ಬೆಳಿಗ್ಗೆ ಬೇಗ ಎದ್ದು ಊರಬಾಗಿಲ ಹತ್ತಿರ ನಿಲ್ಲುತ್ತಿದ್ದ. ವ್ಯಾಜ್ಯ ಇಟ್ಟುಕೊಂಡು ಬಂದವರನ್ನು ಕರೆದು, ನಿನ್ನದು ಯಾವ ಊರು ಅಂತ ವಿಚಾರಿಸುತ್ತಿದ್ದ. ನಿನ್ನ ಕಡೆ ನ್ಯಾಯ ಇದೆ, ಆದರೆ ಕೇಳೋಕೆ ಅರಸನ ಕಡೆಯಿಂದ ಯಾರೂ ಇಲ್ಲ ಅನ್ನುತ್ತಿದ್ದ. ಅಡ್ಡಬೀಳೋಕೆ ಬಂದವರನ್ನು ಹಿಡಿದು ಮುದ್ದಿಡುತ್ತಿದ್ದ. ಕ್ರಮ ಗಮನಿಸಿ. ಮೊದಲು ವೈಯಕ್ತಿಕ ವಿಚಾರಣೆ, ಆಮೇಲೆ ಹೊಗಳಿಕೆ, ಆಮೇಲೆ ನಿನಗೆ ನಾನು ಬಿಟ್ಟರೆ ಯಾರೂ ಇಲ್ಲ ಎಂಬ ಮಾತು. ಹೀಗೆ ಅವನು ಇಸ್ರಾಯೇಲ್ಯರ ಹೃದಯಗಳನ್ನು ಕದ್ದುಕೊಂಡ ಅಂತ ಸತ್ಯವೇದ ಹೇಳುತ್ತದೆ. ಗೆದ್ದ ಅಂತಲ್ಲ, ಕದ್ದ ಅಂತ. ಹನ್ನೊಂದನೇ ವಚನ ನೋಡಿ: ಯೆರೂಸಲೇಮಿನಿಂದ 200 ಜನ ಏನೂ ತಿಳಿಯದೆ ಅವನ ಜೊತೆ ಹೋದರು. ಅವರಲ್ಲಿ ಕೆಟ್ಟತನ ಇರಲಿಲ್ಲ, ವಿವೇಚನೆ ಇರಲಿಲ್ಲ. ಒಂದು ದಂಗೆಯ ಭಾಗ ಆಗಿಬಿಟ್ಟರು.

3. ಸಭೆಯೊಳಗೂ ಇದು ಬರಬಹುದು

ಇದನ್ನು ಹೇಳುವಾಗ ನನ್ನ ಮೇಲೆ ಬೇಜಾರಾಗಬೇಡಿ. 1986ರಲ್ಲಿ ಅಮೆರಿಕದಲ್ಲಿ ಪೀಟರ್ ಪೊಪಾಫ್ ಎಂಬ ಟೀವಿ ಬೋಧಕರು ದೊಡ್ಡ ಸ್ವಸ್ಥತೆಯ ಕೂಟಗಳನ್ನು ನಡೆಸುತ್ತಿದ್ದರು. ಜನರ ಮಧ್ಯೆ ನಿಂತು ಹೆಸರು ಹಿಡಿದು ಕರೆಯುತ್ತಿದ್ದರು, ಮನೆ ವಿಳಾಸ ಹೇಳುತ್ತಿದ್ದರು, ಕಾಯಿಲೆ ಹೇಳುತ್ತಿದ್ದರು. ದೇವರೇ ತೋರಿಸಿದ್ದಾನೆ ಅಂತ ಜನ ಅತ್ತುಬಿಡುತ್ತಿದ್ದರು. ಜೇಮ್ಸ್ ರಾಂಡಿ ಎಂಬ ಮ್ಯಾಜಿಷಿಯನ್‌ನ ತಂಡ ರೇಡಿಯೋ ಸ್ಕ್ಯಾನರ್ ಹಿಡಿದು ಅಲ್ಲಿಗೆ ಹೋಯಿತು. 39.17 ಮೆಗಾಹರ್ಟ್ಸ್‌ನಲ್ಲಿ ಬೋಧಕರ ಹೆಂಡತಿಯ ಧ್ವನಿ ಸಿಕ್ಕಿತು. ಪ್ರಾರ್ಥನಾ ಕಾರ್ಡ್‌ಗಳಲ್ಲಿ ಜನರೇ ಬರೆದುಕೊಟ್ಟ ವಿವರಗಳನ್ನು ಆಕೆ ಓದಿ ಹೇಳುತ್ತಿದ್ದರು, ಬೋಧಕರ ಕಿವಿಯಲ್ಲಿ ಸಣ್ಣ ಇಯರ್‌ಪೀಸ್ ಇತ್ತು. ಜಾನಿ ಕಾರ್ಸನ್ ಅವರ ಟೀವಿ ಕಾರ್ಯಕ್ರಮದಲ್ಲಿ ಇಡೀ ದೇಶ ಅದನ್ನು ಕೇಳಿತು. ಮರುವರ್ಷ, 1987ರಲ್ಲಿ, ಅವರು ದಿವಾಳಿ ಅರ್ಜಿ ಹಾಕಿದರು.

ಇದರಲ್ಲಿ ನನಗೆ ನೋವು ಕೊಡುವುದು ಏನು ಗೊತ್ತಾ? ಅದನ್ನು ಬಯಲಿಗೆ ತಂದವನು ದೇವರನ್ನೇ ನಂಬದವನು. ಪರೀಕ್ಷಿಸಬೇಕಾಗಿದ್ದವರು ವಿಶ್ವಾಸಿಗಳು. 1 ಥೆಸಲೋನಿಕ 5:20-21ರಲ್ಲಿ ಪೌಲನು ಎರಡನ್ನೂ ಒಟ್ಟಿಗೆ ಹೇಳುತ್ತಾನೆ: ಪ್ರವಾದನೆಯನ್ನು ಹೀನೈಸಬೇಡಿ, ಎಲ್ಲವನ್ನೂ ಪರೀಕ್ಷಿಸಿ. ಎರಡೂ ಬೇಕು, ಆಮೆನ್?

ಆತ್ಮನ ವರಗಳನ್ನು ನಾವು ನಂಬುತ್ತೇವೆ. ದೇವರು ಹೆಸರು, ವಿಳಾಸ ತಿಳಿಸಬಲ್ಲ. ಅಪೊಸ್ತಲರ ಕೃತ್ಯಗಳು 9ರಲ್ಲಿ ದಮಸ್ಕದ ಅನನೀಯನಿಗೆ ಬೀದಿಯ ಹೆಸರು, ಮನೆಯವನ ಹೆಸರು, ಸೌಲನ ಹೆಸರು ಎಲ್ಲವನ್ನೂ ಕರ್ತನು ಹೇಳಿದನು. ಅನನೀಯ ಹೋಗಿ ಏನು ಮಾಡಿದ? ಸೌಲನನ್ನು ಸಹೋದರ ಅಂತ ಕರೆದ, ಕೈಯಿಟ್ಟ, ಸೌಲನಿಗೆ ಕಣ್ಣು ಕಾಣಿಸಿತು. ಏನೂ ಕೇಳಲಿಲ್ಲ. ಹೆಸರು ಹೇಳಿ ಬೆರಗುಗೊಳಿಸಿ ಕೂಡಲೇ ಇಂತಿಷ್ಟು ಬೀಜ ಬಿತ್ತು, ಯುಪಿಐ ಮಾಡು ಅಂದರೆ, ಅಲ್ಲಿ ಅನನೀಯ ಇಲ್ಲ ಅಂತ ತಿಳ್ಕೊಳ್ಳಿ.

4. ಯೇಸು ಹೆಸರು ಕರೆದದ್ದು ಹೇಗೆ?

ದೇವರೂ ಹೆಸರನ್ನು ಎರಡೆರಡು ಸಲ ಕರೆದಿದ್ದಾನೆ ಅಲ್ವಾ ಅಂತ ಕೇಳಬಹುದು. ಹೌದು. ಮೋರೀಯ ಬೆಟ್ಟದಲ್ಲಿ ಅಬ್ರಹಾಮನನ್ನು ಎರಡು ಸಲ ಕರೆದದ್ದು ಅವನ ಕೈಯನ್ನು ತಡೆಯುವುದಕ್ಕೆ. ಮಾರ್ಥಳನ್ನು ಕರೆದದ್ದು ಅವಳ ಚಿಂತೆಯ ಭಾರ ಇಳಿಸುವುದಕ್ಕೆ. ಸೀಮೋನನನ್ನು ಕರೆದದ್ದು ಬರುವ ಶೋಧನೆಯ ಬಗ್ಗೆ ಎಚ್ಚರಿಸುವುದಕ್ಕೆ. ಸೌಲನನ್ನು ಕರೆದದ್ದು ತಪ್ಪುದಾರಿಯಲ್ಲಿ ನಿಲ್ಲಿಸುವುದಕ್ಕೆ. ಒಂದು ಕಡೆಯಾದರೂ ಅವರ ಬುದ್ಧಿಯನ್ನು ಮಂಕು ಮಾಡೋಕೆ ಹೆಸರು ಬಳಸಿಲ್ಲ. ಎಚ್ಚರ ಮಾಡೋಕೆ ಬಳಸಿದ್ದಾನೆ.

ಜಕ್ಕಾಯನನ್ನು ನೋಡಿ, ಲೂಕ 19. ಮರದ ಮೇಲೆ ಕೂತಿದ್ದ ಶ್ರೀಮಂತ. ಯೇಸು ಅವನನ್ನು ಹೆಸರು ಹಿಡಿದು ಕರೆದು, ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಅಂದನು. ಹಣದ ಮಾತೇ ಎತ್ತಲಿಲ್ಲ. ಅರ್ಧ ಆಸ್ತಿ ಬಡವರಿಗೆ ಕೊಡುತ್ತೇನೆ ಅಂದದ್ದು ಜಕ್ಕಾಯನೇ. ಸಮಾಧಿಯ ಹತ್ತಿರ ಅಳುತ್ತಿದ್ದ ಮಗ್ದಲದ ಮರಿಯಳಿಗೆ ಒಂದೇ ಒಂದು ಸಲ ಹೆಸರು ಹೇಳಿದ, ಸಾಕಾಯಿತು. ಮಾರ್ಕ 10ರ ಐಶ್ವರ್ಯವಂತನನ್ನು ಯೇಸು ಪ್ರೀತಿಸಿದ, ಆದರೂ ಅವನು ವ್ಯಸನಪಟ್ಟು ಹೊರಟಾಗ ಹಿಂದೆ ಓಡಿ ಹೆಸರು ಕೂಗಲಿಲ್ಲ. ಹೋಗೋಕೆ ಬಿಟ್ಟ. ಪ್ರೀತಿ ಬಾಗಿಲು ತೆರೆದಿಡುತ್ತೆ. ತಂತ್ರ ಬಾಗಿಲು ಮುಚ್ಚುತ್ತೆ.

5. ಈಗ ನಾವು ಏನು ಮಾಡಬೇಕು?

ಯಾರಾದರೂ ನಿಮ್ಮ ಹೆಸರನ್ನು ಮತ್ತೆ ಮತ್ತೆ ಹೇಳುತ್ತಾ ನಿಮ್ಮನ್ನು ಒಂದು ಕಡೆ ತಳ್ಳುತ್ತಿದ್ದರೆ, ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು: ನನ್ನ ಹೆಸರು ಇವರಿಗೆ ಎಲ್ಲಿಂದ ಸಿಕ್ಕಿತು? ಪಾರ್ಸೆಲ್ ಕವರ್ ಮೇಲೆ ಇದೆ, ಅಪಾರ್ಟ್‌ಮೆಂಟ್ ಗೇಟಿನ ರಿಜಿಸ್ಟರ್‌ನಲ್ಲಿ ಇದೆ, ಲಿಂಕ್ಡ್‌ಇನ್‌ನಲ್ಲಿ ಇದೆ. ಹೆಸರು ಗೊತ್ತಿರೋದು ಪರಿಚಯ ಅಲ್ಲ.

ಎರಡು: ಹೆಸರಿನ ಹಿಂದೆಯೇ ಏನು ಬರುತ್ತಿದೆ? ಆತುರ, ಗುಟ್ಟು, ಹಣ, ಈ ಮೂರರಲ್ಲಿ ಒಂದು ಬಂದರೂ ನಿಲ್ಲಿ. ಪೊಲೀಸರು ಅಂತ ಹೇಳಿಕೊಂಡು ಹೆಸರು, ಆಧಾರ್ ನಂಬರ್ ಓದಿ, ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿದರೆ ನೆನಪಿಡಿ, ನಮ್ಮ ಕಾನೂನಿನಲ್ಲಿ ಹಾಗೊಂದು ಅರೆಸ್ಟ್ ಇಲ್ಲ. ಕಾಲ್ ಕಟ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ನಾಚಿಕೆಪಟ್ಟು ಒಬ್ಬರೇ ಕೂರಬೇಡಿ, ನಿಮ್ಮ ಸೆಲ್ ಗ್ರೂಪ್ ಲೀಡರ್‌ಗೆ ಹೇಳಿ.

ಮೂರು: ನಾನು ಬೇಡ ಅಂದರೆ ಏನಾಗುತ್ತೆ? "ಯೋಚನೆ ಮಾಡಿ ನಾಳೆ ಹೇಳ್ತೀನಿ" ಅಂತ ಹೇಳಿ ನೋಡಿ. ಧ್ವನಿ ಬದಲಾದರೆ ಅದು ಕುರುಬನ ಧ್ವನಿ ಅಲ್ಲ. ಇನ್‌ಸ್ಟಾಗ್ರಾಂನಲ್ಲಿ ದಿನಕ್ಕೆ ಇಪ್ಪತ್ತು ಸಲ ನಿಮ್ಮ ಹೆಸರು ಬರೆದು ಫೋಟೋ ಕೇಳುವವರಿಗೂ ಇದೇ ಪರೀಕ್ಷೆ. ತಂಗಿಯರೇ, ಕೇಳಿಸ್ಕೊಳ್ಳಿ.

ಇನ್ನು ಸೇಲ್ಸ್‌ನಲ್ಲಿ, ಟೆಲಿಕಾಲಿಂಗ್‌ನಲ್ಲಿ ಕೆಲಸ ಮಾಡೋರಿಗೆ ಒಂದು ಮಾತು. ಟಾರ್ಗೆಟ್ ಇದೆ, ಸ್ಕ್ರಿಪ್ಟ್ ಇದೆ, ನನಗೆ ಗೊತ್ತು. ಹೆಸರು ಹೇಳುವುದು ಪಾಪ ಅಲ್ಲ. ಸರಿಯಾಗಿ ಉಚ್ಚರಿಸಿ ಗೌರವದಿಂದ ಹೇಳಿ. ದೊಡ್ಡವರಾದರೆ ಸರ್, ಮೇಡಂ, ಅವರೇ ಅಂತ ಸೇರಿಸಿ, ನಮ್ಮ ಕಡೆ ಅದೇ ಮರ್ಯಾದೆ. ಆಮೇಲೆ ಸತ್ಯ ಮಾತಾಡಿ, ಬಡ್ಡಿ ಎಷ್ಟು ಅಂತ ಕೇಳಿದರೆ ನಿಜ ಹೇಳಿ. ಎದುರಿನವರು ಯೋಚಿಸುವುದನ್ನು ನಿಲ್ಲಿಸೋಕೆ ಹೆಸರು ಬಳಸಿದರೆ ಮಾತ್ರ ಅದು ಅಬ್ಷಾಲೋಮನ ಕೆಲಸ. ತಾನು ಮುಖಸ್ತುತಿ ಮಾಡಲಿಲ್ಲ ಅಂತ 1 ಥೆಸಲೋನಿಕ 2:5ರಲ್ಲಿ ಪೌಲನು ದೇವರನ್ನೇ ಸಾಕ್ಷಿಯಾಗಿ ಇಡುತ್ತಾನೆ. ನಾವೂ ಹಾಗೆ ಹೇಳುವಂತಿರಬೇಕು.

ಸುವಾರ್ತೆ ಹೇಳುವಾಗಲೂ ಹಾಗೇ. ಹೊಸದಾಗಿ ಬಂದವರ ಹೆಸರು ಕಲೀರಿ, ಮುಂದಿನ ವಾರಾನೂ ನೆನಪಿಟ್ಟುಕೊಳ್ಳಿ. ಆದರೆ ಅವರು ಆಮೇಲೆ ಬರದೇ ಹೋದರೂ ಅವರ ಹೆಸರು ನಿಮ್ಮ ಪ್ರಾರ್ಥನೆಯಲ್ಲಿ ಇರಲಿ. ಆಗ ಗೊತ್ತಾಗುತ್ತೆ ನೀವು ಆ ಹೆಸರನ್ನು ಯಾಕೆ ಕಲಿತಿರಿ ಅಂತ.

ಕುರಿಗಳು ಕಳ್ಳರ ಪಟ್ಟಿ ಇಟ್ಟುಕೊಂಡು ಓಡಾಡಲ್ಲ. ಕುರುಬನ ಸ್ವರ ಅವಕ್ಕೆ ಚೆನ್ನಾಗಿ ಪರಿಚಯ, ಅದಕ್ಕೇ ಅನ್ಯನ ಸ್ವರ ಬೇರೆ ಅಂತ ತಿಳಿಯುತ್ತೆ. ದಿನಾ ವಾಕ್ಯ ಓದಿ, ಪ್ರಾರ್ಥನೆಯಲ್ಲಿ ಸುಮ್ಮನೆ ಕೂತು ಕೇಳಿ. ನಿಮ್ಮ ಹೆಸರನ್ನು ಹೇಳಿ ನಿಮ್ಮಿಂದ ಪ್ರಾಣ ಕೇಳದೆ, ನಿಮಗಾಗಿ ಪ್ರಾಣ ಕೊಟ್ಟವನು ಒಬ್ಬನೇ.

ಎದ್ದು ನಿಲ್ಲೋಣ, ಪ್ರಾರ್ಥಿಸೋಣ. ತಂದೆಯೇ, ನಮ್ಮನ್ನು ಬಲ್ಲವನೇ, ನಿನಗೆ ಸ್ತೋತ್ರ. ಮೋಸದ ಮಾತಿಗೆ ಸಿಕ್ಕಿ ಸೋತುಹೋಗಿರುವ ಮಕ್ಕಳನ್ನು ಎತ್ತಿ ನಿಲ್ಲಿಸು. ನಮ್ಮ ಕಿವಿಗಳಿಗೆ ವಿವೇಚನೆ ಕೊಡು, ನಮ್ಮ ಬಾಯಿಗೆ ಸತ್ಯ ಕೊಡು. ಒಳ್ಳೇ ಕುರುಬನಾದ ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.