ಪರದೆಯ ದೋಷ ಮತ್ತು ಲೆಕ್ಕಪತ್ರಗಳ ಸುರಕ್ಷತೆ: ಲಿನಕ್ಸ್ ಗಣಕಯಂತ್ರಗಳಲ್ಲಿ ದೋಷಪತ್ತೆಯ ಕ್ರಮ

ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿತು. ವಿಂಡೋಸ್ 11ಕ್ಕೆ ಅವಶ್ಯವಾದ ಟಿಪಿಎಂ 2.0 ಮುಂತಾದ ಅರ್ಹತೆಗಳಿಲ್ಲದಿದ್ದರೂ ಸುಸ್ಥಿತಿಯಲ್ಲಿರುವ ಹಳೆಯ ಗಣಕಯಂತ್ರಗಳಿಗೆ ಲಿನಕ್ಸ್ ಮಿತವ್ಯಯದ ದಾರಿಯಾಗಿದೆ. ಇಂತಹ ಯಂತ್ರಗಳಲ್ಲಿ ಹೆಚ್ಚು ಸ್ಮೃತಿಯನ್ನು ಬೇಡದ ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್ ಬಳಕೆಗೆ ಅನುಕೂಲಕರ. 1996ರಲ್ಲಿ ಒಲಿವಿಯೇ ಫೋರ್ದಾನ್ ಅವರು ಆರಂಭಿಸಿದ ಈ ಯೋಜನೆಯು ಇಂದಿಗೂ ಸ್ವಯಂಸೇವಕರ ಶ್ರಮದಿಂದ ಮುಂದುವರಿದಿದೆ.

ಆದರೆ ಬಿಲ್ ಮಾಡುತ್ತಿರುವಾಗ ಪರದೆ ಮಿನುಗತೊಡಗಿದರೆ, ಚಿತ್ರ ಅಡ್ಡಲಾಗಿ ಸೀಳಿದಂತೆ ಕಂಡರೆ, ಅಥವಾ ಕಿಟಕಿಗಳ ತಲೆಪಟ್ಟಿಯೇ ಮಾಯವಾದರೆ ಗುಮಾಸ್ತರು ಗಾಬರಿಗೊಳ್ಳುವುದು ಸಹಜ. ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ 20ನೇ ತಾರೀಖು ಸಮೀಪಿಸಿದ್ದರಂತೂ ಆತುರ ಇನ್ನೂ ಹೆಚ್ಚು. ಆಗ ಸಾಮಾನ್ಯವಾಗಿ ದೊರೆಯುವ ಸಲಹೆ ಒಂದೇ: "ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಬಿಡಿ." ಕಾಣುವುದರಲ್ಲಿ ದೋಷವಿದ್ದ ಮಾತ್ರಕ್ಕೆ ಕಡತಗಳಲ್ಲಿ ದೋಷವಿದೆಯೆಂದು ಅರ್ಥವಲ್ಲ. ಸುರಕ್ಷಿತವಾಗಿದ್ದ ಲೆಕ್ಕಪತ್ರಗಳು ಈ ಸಲಹೆಯಿಂದಲೇ ನಾಶವಾಗುವ ಸಂಭವವುಂಟು. ಆದುದರಿಂದ ದೋಷವಿರುವ ಸ್ಥಳವನ್ನು ಮೊದಲು ಗುರುತಿಸಿ, ಅನಂತರವೇ ಪರಿಹಾರಕ್ಕೆ ಕೈಹಾಕುವುದು ಕ್ಷೇಮಕರ.

ಚಿತ್ರವು ಪರದೆಗೆ ಬರುವ ಬಗೆ

ಪರದೆಯ ಮೇಲಿನ ಚಿತ್ರವು ಐದು ಹಂತಗಳನ್ನು ದಾಟಿ ಬರುತ್ತದೆ. ಮೊದಲನೆಯದಾಗಿ ಬಿಲ್ಲಿಂಗ್ ತಂತ್ರಾಂಶವು ತನ್ನ ಕಿಟಕಿಯ ಒಳಭಾಗವನ್ನು ರಚಿಸುತ್ತದೆ. ಎರಡನೆಯದಾಗಿ ವಿಂಡೋ ಮ್ಯಾನೇಜರ್ ಅದಕ್ಕೆ ತಲೆಪಟ್ಟಿ ಮತ್ತು ಅಂಚುಗಳನ್ನು ಕೊಡುತ್ತದೆ. ಮೂರನೆಯದಾಗಿ ಕಂಪೋಸಿಟರ್ ಎಂಬ ಭಾಗವು ಎಲ್ಲ ಕಿಟಕಿಗಳನ್ನೂ ನೆರಳು, ಪಾರದರ್ಶಕತೆಗಳೊಡನೆ ಒಂದೇ ಚಿತ್ರವಾಗಿ ಜೋಡಿಸುತ್ತದೆ. ನಾಲ್ಕನೆಯದಾಗಿ ಗ್ರಾಫಿಕ್ಸ್ ಡ್ರೈವರ್ ಆ ಚಿತ್ರವನ್ನು ಯಂತ್ರಾಂಶದ ಮೂಲಕ ಹೊರಗೆ ಕಳುಹಿಸುತ್ತದೆ. ಕೊನೆಯದಾಗಿ ಕೇಬಲ್ ಮತ್ತು ಮಾನಿಟರ್ ಅದನ್ನು ಕಣ್ಣಿಗೆ ತಲುಪಿಸುತ್ತವೆ. ಎಕ್ಸ್‌ಎಫ್‌ಸಿಇಯಲ್ಲಿ ಎರಡನೆಯ ಮತ್ತು ಮೂರನೆಯ ಕೆಲಸಗಳೆರಡನ್ನೂ ಎಕ್ಸ್‌ಎಫ್‌ಡಬ್ಲ್ಯೂಎಂ4 ಎಂಬ ಒಂದೇ ತಂತ್ರಾಂಶ ನಿರ್ವಹಿಸುತ್ತದೆ.

ಹಂತವನ್ನು ಗುರುತಿಸುವ ಪರೀಕ್ಷೆಗಳು

ಮುಂದಿನ ಪರೀಕ್ಷೆಗಳಿಗೆ ಖರ್ಚಿಲ್ಲ. ಇವು ಯಾವ ಕಡತವನ್ನೂ ಬದಲಾಯಿಸುವುದೂ ಇಲ್ಲ. ಆದರೆ ಪರೀಕ್ಷೆಗೆ ಮೊದಲು ತೆರೆದಿರುವ ಕೆಲಸವನ್ನು ಉಳಿಸಿ ಮುಚ್ಚಬೇಕು.

1. ಮಾನಿಟರಿನ ಗುಂಡಿಗಳನ್ನು ಒತ್ತಿ ಅದರದೇ ಮೆನು ತೆರೆಯಬೇಕು. ಈ ಮೆನುವನ್ನು ರಚಿಸುವುದು ಗಣಕಯಂತ್ರವಲ್ಲ, ಮಾನಿಟರ್. ಮಿನುಗು ಅಥವಾ ಗೆರೆಗಳು ಆ ಮೆನುವಿನ ಮೇಲೂ ಹಾದುಹೋದರೆ ಮಾನಿಟರನ್ನೇ ಸಂಶಯಿಸಬೇಕು. ಮೆನು ಸ್ವಚ್ಛವಾಗಿದ್ದು ಹಿನ್ನೆಲೆ ಮಾತ್ರ ಕೆಟ್ಟಿದ್ದರೆ ಕೇಬಲ್ ಅಥವಾ ಗಣಕಯಂತ್ರದ ಕಡೆ ಗಮನ ಹರಿಸಬೇಕು. ಕೇಬಲನ್ನು ಬಿಚ್ಚಿ ಬಿಗಿಯಾಗಿ ಜೋಡಿಸುವುದು, ಇನ್ನೊಂದು ಕೇಬಲ್ ಹಾಕಿ ನೋಡುವುದು ಮುಂದಿನ ಕ್ರಮ.

2. ದೋಷ ಕಾಣುತ್ತಿರುವಾಗಲೇ ಪ್ರಿಂಟ್ ಸ್ಕ್ರೀನ್ ಕೀಲಿಯನ್ನು ಒತ್ತಿ ಪರದೆಯ ಚಿತ್ರವನ್ನು ಉಳಿಸಿ, ಅದನ್ನು ಬೇರೊಂದು ಯಂತ್ರದಲ್ಲಿ ನೋಡಬೇಕು. ಆ ಚಿತ್ರದಲ್ಲಿಯೂ ದೋಷವಿದ್ದರೆ ಮೂಲವು ಚಿತ್ರ ರಚನೆಯಾಗುವ ಹಂತಗಳಲ್ಲಿದೆ. ಚಿತ್ರ ಸರಿಯಾಗಿದ್ದರೆ ದೋಷವು ಅನಂತರದ ಹಂತದಲ್ಲಿ, ಎಂದರೆ ಚಿತ್ರವನ್ನು ಹೊರಗೆ ಕಳುಹಿಸುವ ಹಾದಿಯಲ್ಲಿದೆ.

3. ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಕ್ಷರಗಳಷ್ಟೇ ಇರುವ ಕಪ್ಪು ಪರದೆ ತೆರೆಯುತ್ತದೆ. ಇಲ್ಲಿ ಡೆಸ್ಕ್‌ಟಾಪ್‌ನ ಪಾತ್ರವಿಲ್ಲ. ಇಲ್ಲಿಯೂ ತೊಂದರೆ ಮುಂದುವರಿದರೆ ಅದು ಡ್ರೈವರ್ ಅಥವಾ ಯಂತ್ರಾಂಶದ್ದಾಗಿರುವ ಸಾಧ್ಯತೆ ಹೆಚ್ಚು. ಹಿಂದಿರುಗಲು ಎಫ್3ರ ಬದಲು ಎಫ್7 ಬಳಸಬೇಕು. ಕೆಲವು ವ್ಯವಸ್ಥೆಗಳಲ್ಲಿ ಅದು ಎಫ್1 ಅಥವಾ ಎಫ್2 ಆಗಿರುತ್ತದೆ.

4. ಹೊಸದೊಂದು ಬಳಕೆದಾರ ಖಾತೆಯನ್ನು ತೆರೆದು ಪ್ರವೇಶಿಸಬೇಕು. ಅಲ್ಲಿ ಎಲ್ಲವೂ ಸರಿಯಿದ್ದರೆ ಹಳೆಯ ಖಾತೆಯ ಸೆಟ್ಟಿಂಗ್‌ಗಳಲ್ಲಷ್ಟೇ ದೋಷವಿದೆ ಎಂದು ತಿಳಿಯಬಹುದು.

ಸಾಮಾನ್ಯವಾದ ಮೂರು ದೋಷಗಳು

ಕಿಟಕಿಯನ್ನು ಸರಿಸುವಾಗ ಚಿತ್ರ ಅಡ್ಡಲಾಗಿ ಸೀಳುವುದು ಮೊದಲನೆಯದು. ಸೆಕೆಂಡಿಗೆ 60 ಬಾರಿ ನವೀಕರಣಗೊಳ್ಳುವ ಮಾನಿಟರಿಗೆ ಒಂದು ಚಿತ್ರ ತೋರಿಸಲು ಸುಮಾರು 16.7 ಮಿಲಿಸೆಕೆಂಡ್ ಬೇಕು. ಆ ಅವಧಿಯ ನಡುವೆಯೇ ಹೊಸ ಚಿತ್ರ ಬಂದರೆ ಮೇಲರ್ಧ ಹಳೆಯದು, ಕೆಳಭಾಗ ಹೊಸದು ಎಂಬಂತಾಗುತ್ತದೆ. ಇದನ್ನು ತಡೆಯುವ ಹೊಂದಾಣಿಕೆಯನ್ನು ಎಕ್ಸ್‌ಎಫ್‌ಸಿಇಯ ಕಂಪೋಸಿಟರ್‌ಗೆ 2019ರ ಆಗಸ್ಟ್‌ನಲ್ಲಿ ಬಂದ 4.14ನೇ ಆವೃತ್ತಿಯಲ್ಲಿ ಒದಗಿಸಲಾಯಿತು. ಅದಕ್ಕಿಂತ ಹಳೆಯ ಆವೃತ್ತಿಯಿದ್ದಲ್ಲಿ ನವೀಕರಣವೇ ಸೂಕ್ತ. ಸೀಳುವಿಕೆಯು ಪ್ರಿಂಟ್ ಸ್ಕ್ರೀನ್ ಚಿತ್ರದಲ್ಲಿ ಕಾಣುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಕಿಟಕಿಗಳ ಹಿಂದೆ ಕಪ್ಪು ಚೌಕಗಳು ಉಳಿಯುವುದು, ಪರದೆ ಮಿನುಗುವುದು ಎರಡನೆಯದು. ಹಳೆಯ ಗ್ರಾಫಿಕ್ಸ್ ಯಂತ್ರಾಂಶಕ್ಕೂ ಕಂಪೋಸಿಟರ್‌ಗೂ ಹೊಂದಿಕೆಯಾಗದಿದ್ದಾಗ ಹೀಗಾಗಬಹುದು. ಸೆಟ್ಟಿಂಗ್ಸ್‌ನಲ್ಲಿ ವಿಂಡೋ ಮ್ಯಾನೇಜರ್ ಟ್ವೀಕ್ಸ್ ತೆರೆದು, ಕಂಪೋಸಿಟರ್ ವಿಭಾಗದಲ್ಲಿರುವ 'ಎನೇಬಲ್ ಡಿಸ್‌ಪ್ಲೇ ಕಂಪೋಸಿಟಿಂಗ್' ಎಂಬ ಗುರುತನ್ನು ತೆಗೆಯಬೇಕು. ನೆರಳು ಮತ್ತು ಪಾರದರ್ಶಕತೆ ಹೋಗುತ್ತವೆ. ಬಿಲ್ಲಿನ ಕೆಲಸಕ್ಕೆ ಇವೆರಡೂ ಅನಾವಶ್ಯಕ. ಆದರೆ ಚಿತ್ರ ಸೀಳುವುದು ಹೆಚ್ಚಬಹುದು. ಗ್ನೋಮ್ ಮತ್ತು ಸಿನಮನ್ ಡೆಸ್ಕ್‌ಟಾಪ್‌ಗಳಲ್ಲಿ ಕಂಪೋಸಿಟರನ್ನು ಹೀಗೆ ನಿಲ್ಲಿಸಲು ಅವಕಾಶವಿಲ್ಲ.

ತಲೆಪಟ್ಟಿಗಳು ಮಾಯವಾಗಿ ಕಿಟಕಿಗಳನ್ನು ಸರಿಸಲಾಗದಿರುವುದು ಮೂರನೆಯದು. ನೋಡಲು ಭಯಂಕರವಾದರೂ ಇದರ ಪರಿಹಾರ ಸುಲಭ. ಇಲ್ಲಿ ವಿಂಡೋ ಮ್ಯಾನೇಜರ್ ನಿಂತುಹೋಗಿರುತ್ತದೆ, ಅಷ್ಟೇ. ಆಲ್ಟ್ ಮತ್ತು ಎಫ್2 ಒತ್ತಿದಾಗ ತೆರೆಯುವ ಪೆಟ್ಟಿಗೆಯಲ್ಲಿ ಅದರ ಹೆಸರನ್ನು, ಎಂದರೆ ಎಕ್ಸ್‌ಎಫ್‌ಡಬ್ಲ್ಯೂಎಂ4 ಎಂಬುದನ್ನು, ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ನಡುವೆ ತೆರಪಿಲ್ಲದೆ ಬರೆದು ಎಂಟರ್ ಒತ್ತಿದರೆ ಪಟ್ಟಿಗಳು ಮರಳುತ್ತವೆ. ಪ್ರತಿ ಪ್ರವೇಶದಲ್ಲಿಯೂ ಇದೇ ಮರುಕಳಿಸಿದರೆ, ಹಿಂದಿನ ಸೆಷನ್ ವಿಂಡೋ ಮ್ಯಾನೇಜರ್ ಇಲ್ಲದ ಸ್ಥಿತಿಯಲ್ಲಿಯೇ ದಾಖಲಾಗಿರಬಹುದು. ಸೆಷನ್ ಆಂಡ್ ಸ್ಟಾರ್ಟಪ್ ಎಂಬಲ್ಲಿ ಉಳಿಸಲಾದ ಸೆಷನ್‌ಗಳನ್ನು ತೆಗೆದುಹಾಕಬೇಕು. ಇದರಿಂದ ಯಾವ ಕಿಟಕಿಗಳು ತೆರೆದಿದ್ದವು ಎಂಬ ದಾಖಲೆ ಮಾತ್ರ ಅಳಿಯುತ್ತದೆ. ಲೆಕ್ಕದ ಕಡತಗಳಿಗೆ ಬಾಧೆಯಿಲ್ಲ.

ನವೀಕರಣದ ಮರುದಿನವೇ ದೋಷ ಕಾಣಿಸಿದರೆ, ಯಂತ್ರ ಆರಂಭವಾಗುವಾಗ 'ಅಡ್ವಾನ್ಸ್ಡ್ ಆಪ್ಷನ್ಸ್' ಎಂಬ ಪಟ್ಟಿಯಿಂದ ಹಿಂದಿನ ಕರ್ನಲನ್ನು ಆರಿಸಿ ನೋಡಬಹುದು. ಅದರಲ್ಲಿ ಪರದೆ ಸರಿಯಾಗಿದ್ದರೆ ಮುಂದಿನ ನವೀಕರಣದವರೆಗೆ ಅದರಲ್ಲಿಯೇ ವ್ಯವಹಾರ ನಡೆಸಬಹುದು.

ವಹಿಸಬೇಕಾದ ಎಚ್ಚರಿಕೆ

ದುರಸ್ತಿಯ ಹೆಸರಿನಲ್ಲಿ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸಲು ಹೊರಟವರು ಹೋಮ್ ಕಡತಕೋಶವನ್ನಷ್ಟೇ ನಕಲು ಮಾಡಿಕೊಂಡು ನಿಶ್ಚಿಂತರಾಗುವುದುಂಟು. ಮೈಎಸ್‌ಕ್ಯೂಎಲ್‌ನಂತಹ ದತ್ತಸಂಚಯದಲ್ಲಿ ಲೆಕ್ಕ ಉಳಿಸುವ ತಂತ್ರಾಂಶಗಳ ಮಾಹಿತಿ ಸಾಮಾನ್ಯವಾಗಿ ಹೋಮ್‌ನಲ್ಲಿರುವುದಿಲ್ಲ. ವ್ಯವಸ್ಥೆಯ 'ವಾರ್' ಎಂಬ ಕಡತಕೋಶದೊಳಗಿರುತ್ತದೆ. ಡಿಸ್ಕ್ ಅಳಿಸಿದರೆ ಅದೂ ಹೋಗುತ್ತದೆ.

ಲಿನಕ್ಸ್ ಮಿಂಟ್‌ನೊಡನೆ ಬರುವ ಟೈಮ್‌ಶಿಫ್ಟ್ ಸಾಧನದ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ. ಅದು ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರುವ ಸಾಧನವೇ ಹೊರತು ಲೆಕ್ಕಪತ್ರಗಳ ಪ್ರತಿರಕ್ಷಣೆಯಲ್ಲ. ಬಳಕೆದಾರರ ಕಡತಗಳು ಸಾಮಾನ್ಯ ಹೊಂದಿಕೆಯಲ್ಲಿ ಅದರೊಳಗೆ ಸೇರುವುದಿಲ್ಲ. ದತ್ತಸಂಚಯವಾದರೋ ವ್ಯವಸ್ಥೆಯೊಡನೆ ಹಿಂದಕ್ಕೆ ಹೋಗುವ ಸಾಧ್ಯತೆಯಿದೆ. ಪರದೆಯನ್ನು ಸರಿಪಡಿಸಲು ಒಂದು ವಾರ ಹಿಂದಕ್ಕೆ ಹೋದರೆ ಆ ವಾರದ ಬಿಲ್ಲುಗಳೂ ಇಲ್ಲವಾಗಬಹುದು. ಆದುದರಿಂದ ಲೆಕ್ಕದ ತಂತ್ರಾಂಶದಲ್ಲಿಯೇ ಇರುವ ಬ್ಯಾಕಪ್ ಸೌಲಭ್ಯವನ್ನು ಬಳಸಿ, ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ಇರಿಸಿ, ಅದು ಬೇರೊಂದು ಯಂತ್ರದಲ್ಲಿ ತೆರೆಯುವುದೆಂದು ಖಚಿತಪಡಿಸಿಕೊಂಡ ಮೇಲೆಯೇ ದೊಡ್ಡ ದುರಸ್ತಿಗೆ ಒಪ್ಪಿಗೆ ನೀಡಬೇಕು.

ಪ್ರತಿ ಗಣಕಯಂತ್ರದ ಬಳಿ ಒಂದು ಪುಸ್ತಕವಿರುವುದು ಉಪಯುಕ್ತ. ದೋಷ ಕಂಡ ದಿನಾಂಕ, ಅದಕ್ಕೆ ಮೊದಲು ಆದ ನವೀಕರಣ, ಮೇಲಿನ ನಾಲ್ಕು ಪರೀಕ್ಷೆಗಳ ಫಲ ಹಾಗೂ ಬದಲಿಸಿದ ಸೆಟ್ಟಿಂಗ್ ಇವನ್ನು ಅದರಲ್ಲಿ ಬರೆದಿಡಬೇಕು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಬೇಕು. ಫಲ ದೊರೆಯದಿದ್ದರೆ ಅದನ್ನು ಹಿಂದಿನಂತೆಯೇ ಇರಿಸಿ ಮುಂದಿನದಕ್ಕೆ ಹೋಗಬೇಕು. ತಂತ್ರಜ್ಞರನ್ನು ಕರೆಸಬೇಕಾಗಿ ಬಂದರೂ ಈ ವಿವರಗಳಿಂದ ಅವರ ಸಮಯವೂ ವರ್ತಕರ ಹಣವೂ ಉಳಿಯುತ್ತವೆ. ಬಂದವರು ಡಿಸ್ಕ್ ಅಳಿಸುವ ಸಲಹೆಯಿತ್ತರೆ, ದೋಷವು ಯಾವ ಹಂತದಲ್ಲಿದೆ ಎಂದು ಮೊದಲು ಕೇಳುವುದು ಮಾಲೀಕರ ಕರ್ತವ್ಯ.